ಅವ್ವನ ಹುಟ್ಟುಹೆಸರು

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಹತ್ತೂವರೆ, ಗದಗದಲ್ಲಿ ಮರುದಿನದ ಮಧ್ಯಾಹ್ನ ಹನ್ನೆರಡು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಿದ್ದರಿಂದ ನನಗೆ ಕಾಣುತ್ತಿದ್ದುದು ಅವಳ ಅರ್ಧ ಗಲ್ಲ ಮತ್ತು ಮೇಲೆ ತಿರುಗುವ ಫ್ಯಾನು. ನನ್ನೆದುರು ಲ್ಯಾಪ್‌ಟಾಪಿನಲ್ಲಿ ಮದುವೆ ಲೈಸೆನ್ಸಿನ ಅರ್ಜಿ ತೆರೆದಿತ್ತು. ನನ್ನ ಹೆಸರು, ಹುಟ್ಟಿದ ದಿನ, ಅಪ್ಪನ ಹೆಸರು ಎಲ್ಲ ತುಂಬಿ ಆಗಿತ್ತು. ಒಂದು ಖಾನೆಗೆ ಬಂದು ನಿಂತಿದ್ದೆ.

“ಅವ್ವಾ, ನಿನ್ನ ಹೆಸರು ಪೂರ್ತಿ ಹೇಳು. ಹುಟ್ಟಿದಾಗ ಇಟ್ಟದ್ದು.”

ರೊಟ್ಟಿ ಬಡಿಯುವ ಸದ್ದು ನಿಂತಿತು. “ಅದ್ಯಾಕ ಬೇಕವಾ ಈಗ? ಅದು ಮುಗದು ನಲವತ್ತು ವರ್ಷ ಆತು.”

ನನ್ನ ಅವ್ವನಿಗೆ ಎರಡು ಹೆಸರು. ಮೊದಲನೆಯದು ಒಂದು ಹೊಳೆಯದು. ನವಿಲುತೀರ್ಥದಲ್ಲಿ ಅಣೆಕಟ್ಟಿನ ಕೆಲಸ ನಡೆದಿದ್ದ ಕಾಲದಲ್ಲಿ, ಆ ಹೊಳೆಯ ದಂಡೆಯ ಊರಿನಲ್ಲಿ ಹುಟ್ಟಿದವಳು ಅವಳು. ಅಜ್ಜ ಊರ ಹೊಳೆಯ ಹೆಸರನ್ನೇ ಮಗಳಿಗಿಟ್ಟ. 1984ರಲ್ಲಿ ಮದುವೆಯಾಗಿ ಗದಗಕ್ಕೆ ಬಂದಾಗ, ನಮ್ಮ ಕಡೆ ಮಾಡುವಂತೆ, ತಾಟಿನಲ್ಲಿ ಅಕ್ಕಿ ಹರವಿ, ಅಪ್ಪನ ಕೈಗೆ ಉಂಗುರ ಕೊಟ್ಟು ಅಕ್ಕಿಯ ಮೇಲೆ ಹೊಸ ಹೆಸರು ಬರೆಸಿದರು. ಹೊಸ ಹೆಸರೂ ಚಲೋದೇ, ಲಕ್ಷ್ಮಿಯದು. ರೇಶನ್ ಕಾರ್ಡು, ಮತದಾರರ ಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಆಮೇಲೆ ಬಂದ ಆಧಾರ್, ಎಲ್ಲ ಕಡೆ ಅದೇ ಉಳಿಯಿತು. ಬೀಗರು, ನೆರೆಯವರು, ಅಪ್ಪ, ಯಾರೂ ಹಳೆಯದನ್ನು ಕರೆಯಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಒಂದೇ ಸಲ ಅದು ಕಾಗದದ ಮೇಲೆ ಬಂದದ್ದು. ಅಜ್ಜ ತೀರಿಕೊಂಡ ಮೇಲೆ ತವರಿನ ಹೊಲದಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟ ಪತ್ರದಲ್ಲಿ, ಹೊಸ ಹೆಸರಿನ ಮುಂದೆ “ಉರ್ಫ್” ಹಾಕಿ ಬರೆದಿದ್ದರು. ಹನ್ನೆರಡು ವರ್ಷದ ನಾನು ಆ ಹಾಳೆಯನ್ನು ಓದಿ, ಇದು ಯಾರ ಹೆಸರು ಎಂದು ಕೇಳಿದ್ದೆ. ಅವ್ವ ನಕ್ಕು ಸುಮ್ಮನಾಗಿದ್ದಳು.

ಕ್ಯಾಲಿಫೋರ್ನಿಯಾದ ಲೈಸೆನ್ಸ್ ಅರ್ಜಿ ಆ ಹೆಸರನ್ನೇ ಕೇಳುತ್ತದೆ. ತಂದೆಯದಿರಲಿ, ತಾಯಿಯದಿರಲಿ, ಹುಟ್ಟಿದಾಗಿನ ಪೂರ್ಣ ಹೆಸರು ಮತ್ತು ಹುಟ್ಟಿದ ದೇಶ. ಈಗಿನ ಹೆಸರನ್ನು ಬರೆದರೆ ನಡೆಯಲಿಕ್ಕಿಲ್ಲವೇ ಎಂದು ಒಂದು ಗಳಿಗೆ ಯೋಚಿಸಿದ್ದು ನಿಜ. ಅರ್ಜಿಯ ಕೊನೆಗೆ, ಬರೆದದ್ದೆಲ್ಲ ಸತ್ಯ ಎಂದು ಕ್ಲರ್ಕಿನೆದುರು ಪ್ರಮಾಣ ಮಾಡಬೇಕು ಎಂದಿತ್ತು. ಅದಕ್ಕೇ ಫೋನು ಮಾಡಿದ್ದೆ.

ನಾವು ಹೀಗೆ ಕಚೇರಿಯಲ್ಲಿ ಮದುವೆಯಾಗಬೇಕು ಅಂದುಕೊಂಡವರಲ್ಲ. 2023ರ ಮೇ ತಿಂಗಳಲ್ಲಿ ಗದಗದಲ್ಲಿ ಮದುವೆ ಎಂದು ಮಾತಾಗಿತ್ತು. ಹುಡುಗ ಹಾಸನದ ಕಡೆಯವನು, ಜಾತಿ ಬೇರೆ. ಅಪ್ಪನನ್ನು ಒಪ್ಪಿಸುವುದಕ್ಕೆ ಎರಡು ವರ್ಷ ಹಿಡಿದಿತ್ತು. ಜನವರಿಯಲ್ಲಿ ಅವನ ಕೆಲಸ ಹೋಯಿತು. ಆ ಚಳಿಗಾಲದಲ್ಲಿ ಈ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಯಾರ ಮನೆಯಲ್ಲಿ ಕೇಳಿದರೂ ಇದೇ ಸುದ್ದಿ. ಎಚ್‌-1ಬಿ ಎಂಬ ಉದ್ಯೋಗ ವೀಸಾದವರಿಗೆ ಕೆಲಸ ಹೋದರೆ ಸಿಗುವುದು 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಲು ಅರ್ಜಿ ಕೊಡಬೇಕು. ಮದುವೆಯಾಗಿದ್ದರೆ ನನ್ನ ಅವಲಂಬಿತನಾಗಿ ಎಚ್‌-4ಕ್ಕೆ ಬದಲಾಗಬಹುದಿತ್ತು. ಮೇ ತನಕ ಕಾಯಲು ದಿನಗಳಿರಲಿಲ್ಲ. ಅಪ್ಪ ಅವ್ವನನ್ನು ಕರೆಸೋಣವೆಂದರೆ, ಭಾರತದಲ್ಲಿ ಮೊದಲ ಸಲ ಪ್ರವಾಸಿ ವೀಸಾ ಕೇಳುವವರಿಗೆ ಸಂದರ್ಶನದ ಸರದಿ ಆಗ 500 ದಿನ ದಾಟಿತ್ತು. ಮೇ ತಿಂಗಳ ಮದುವೆಯನ್ನು ಫೆಬ್ರುವರಿಗೆ ತಂದುಕೊಂಡೆವು, ಅಷ್ಟೇ. ವೀಸಾಕ್ಕಾಗಿ ಮದುವೆಯೇ ಎಂದು ಕೇಳಿದವರಿದ್ದಾರೆ. ಅವರಿಗೆ ಆಗಲೂ ಇದನ್ನೇ ಹೇಳಿದ್ದೆ.

ಅಪ್ಪನಿಗೆ ಹೇಳುವುದು ಕಷ್ಟವಾಯಿತು. ನಮ್ಮ ಕಡೆ “ರಿಜಿಸ್ಟರ್ ಮದುವಿ” ಅಂದರೆ ಓಡಿಹೋದವರದು ಎಂದೇ ಜನ ತಿಳಿಯುತ್ತಾರೆ, ದನಿ ತಗ್ಗಿಸಿ ಆಡುವ ಮಾತು ಅದು. ಅದಕ್ಕೆ ಕಾರಣವೂ ಇದೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮದುವೆಯಾಗಬೇಕೆಂದರೆ ಮೊದಲು ನೋಟಿಸು ಕೊಡಬೇಕು, ಅದನ್ನು ಅಧಿಕಾರಿ ಎಲ್ಲರಿಗೆ ಕಾಣುವಂತೆ ಫಲಕಕ್ಕೆ ಅಂಟಿಸಬೇಕು, ತಕರಾರಿಗೆ 30 ದಿನ ಕಾಯಬೇಕು. ಹುಡುಗ ಹುಡುಗಿಯ ಹೆಸರು, ವಿಳಾಸ ಗೋಡೆಯ ಮೇಲೆ ಒಂದು ತಿಂಗಳು. ಮನೆಯವರ ಕಣ್ಣಿಗೆ ಬೀಳುವುದಕ್ಕೆ, ಬೆದರಿಸಬೇಕೆಂದವರಿಗೆ ದಾರಿ ಹುಡುಕುವುದಕ್ಕೆ ಅಷ್ಟು ಸಾಕು. ಮನೆಯವರೇ ಒಪ್ಪಿದವರಿಗೆ ಆ ಕಾಯ್ದೆ ಬೇಕಾಗುವುದು ಕಡಿಮೆ, ಒಪ್ಪದವರಿಗೆ ಅದೇ ಗತಿ. 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟು, ಜೋಡಿಗೆ ಇಷ್ಟವಿಲ್ಲದಿದ್ದರೆ ನೋಟಿಸ್ ಪ್ರಕಟಿಸುವ ಅಗತ್ಯವಿಲ್ಲ ಎಂದಿತು. ಕಾಯ್ದೆಯ ಪುಸ್ತಕದಲ್ಲಿ ಆ ಕಲಮು ಇನ್ನೂ ಇದೆ. ನನ್ನ ಹೈಸ್ಕೂಲಿನ ಗೆಳತಿಯೊಬ್ಬಳು ಆ 30 ದಿನಗಳನ್ನು ಮೂರು ಊರು ಬದಲಿಸಿ ಕಳೆದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಪ್ಪ ಕೇಳಿದ್ದು ಬೇರೆಯದನ್ನು. “ಮದುವಿಗೆ ಪರವಾನಗಿ ಕೊಡಾಕ ಅವರ‍್ಯಾರು?”

ನನಗೂ ಆ ಪದ ಮೊದಮೊದಲು ಹಿಡಿಸಿರಲಿಲ್ಲ. ನಾವು ಮದುವೆಯಾಗಿ ಆಮೇಲೆ ನೋಂದಣಿ ಮಾಡಿಸುವವರು. ಇಲ್ಲಿ ಕಾಗದ ಮೊದಲು, ಮದುವೆ ಆಮೇಲೆ. ಇಬ್ಬರೂ ಗುರುತಿನ ಚೀಟಿ ಹಿಡಿದು ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕ್ಲರ್ಕ್ ಮುಂದೆ ಹೋಗಬೇಕು. ನಾಗರಿಕರಾಗಿರಬೇಕಿಲ್ಲ, ಆ ಊರಿನವರೂ ಆಗಿರಬೇಕಿಲ್ಲ, ಪಾಸ್‌ಪೋರ್ಟ್ ಸಾಕು. ರಕ್ತಪರೀಕ್ಷೆ ಇಲ್ಲ, ಕಾಯುವ ದಿನಗಳಿಲ್ಲ, ಗೋಡೆಗೆ ಅಂಟಿಸುವುದಂತೂ ಇಲ್ಲ. ಕೊಟ್ಟ ಲೈಸೆನ್ಸು 90 ದಿನ ಊರ್ಜಿತ, ಕ್ಯಾಲಿಫೋರ್ನಿಯಾದ ಒಳಗೆ ಎಲ್ಲಿ ಬೇಕಾದರೂ ಮದುವೆಯಾಗಬಹುದು. ಮದುವೆ ನಡೆಸಿಕೊಟ್ಟವರು, ಸಾಕ್ಷಿಯವರು ಅದೇ ಹಾಳೆಯ ಮೇಲೆ ಸಹಿ ಹಾಕುತ್ತಾರೆ. ನಡೆಸಿಕೊಟ್ಟವರು ಅದನ್ನು 10 ದಿನದೊಳಗೆ ಕೌಂಟಿಗೆ ಮರಳಿಸಬೇಕು. ದಾಖಲಾದ ಮೇಲೆ ಬೇರೆ ಅರ್ಜಿ ಹಾಕಿ, ಬೇರೆ ದುಡ್ಡು ಕೊಟ್ಟು ದೃಢೀಕೃತ ಪ್ರತಿ ತರಿಸಿಕೊಳ್ಳಬೇಕು. ಆ ಪ್ರತಿಯೇ ನಿಜವಾದ ಮದುವೆ ಪ್ರಮಾಣಪತ್ರ. ಲೈಸೆನ್ಸನ್ನೇ ಪ್ರಮಾಣಪತ್ರವೆಂದು ತಿಳಿದು ವೀಸಾ ಅರ್ಜಿಗೆ ಹಚ್ಚಿ ತೊಂದರೆಪಟ್ಟವರನ್ನು ನಾನು ಬಲ್ಲೆ.

ಇದನ್ನೆಲ್ಲ ಅಪ್ಪನಿಗೆ ಹೇಗೆ ಹೇಳುವುದು ಎಂದು ತಡಕಾಡುವಾಗ ನಮ್ಮ ಮನೆಯದೇ ಪದ ಸಿಕ್ಕಿತು. “ಅಪ್ಪಾ, ಇದು ಯಾದಿ.”

ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಮೊದಲು ಎರಡೂ ಕಡೆಯ ಹಿರಿಯರು ಕೂತು, ಹಾಳೆಯ ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಮೇಲೆ “ಶ್ರೀ” ಬರೆದು, ಬಂಗಾರ ಎಷ್ಟು, ಬಟ್ಟೆ ಯಾರದು, ಊಟದ ಖರ್ಚು ಯಾರದು ಎಂದು ಬರೆದು ಸಹಿ ಹಾಕುವ ಪಟ್ಟಿ ಅದು. ಕೆಲವೊಮ್ಮೆ ಯಾದಿಗೆ ಕೂತವರು ಅಲ್ಲೇ ಅಕ್ಕಿಕಾಳು ಹಾಕಿ ಮದುವೆಯನ್ನೂ ಮುಗಿಸಿಬಿಡುತ್ತಾರೆ, ಅದಕ್ಕೆ “ಯಾದಿ ಮೇ ಶಾದಿ” ಎನ್ನುತ್ತಾರೆ. ಅಪ್ಪ ಎಷ್ಟೋ ಮನೆಗಳ ಯಾದಿ ಬರೆದವನು, ಅವನ ಅಕ್ಷರ ದುಂಡಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಅದರಾಗ ಏನೇನು ಬರೀತಾರ?” ಎಂದ.

ಓದಿ ಹೇಳಿದೆ. ಇಬ್ಬರ ಹೆಸರು, ಹುಟ್ಟಿದ ದಿನ, ಹುಟ್ಟಿದ ಸ್ಥಳ, ವಿಳಾಸ. ಹಿಂದೆ ಎಷ್ಟು ಮದುವೆಯಾಗಿದೆ, ಆಗಿದ್ದರೆ ಹೇಗೆ ಮುಗಿಯಿತು. ತಂದೆ ತಾಯಿಯರ ಹುಟ್ಟುಹೆಸರು, ದೇಶ. ಮದುವೆಯ ನಂತರ ಯಾವ ಹೆಸರು ಬೇಕು.

“ಬಂಗಾರ?” “ಇಲ್ಲ.” “ಕುಲ, ಬೆಡಗು?” “ಇಲ್ಲಪ್ಪಾ, ಧರ್ಮನೂ ಕೇಳಂಗಿಲ್ಲ.”

ಅವನು ಹೂಂ ಎಂದ. ಆ ಹೂಂ ಯಾವ ತರಹದ್ದು ಎಂದು ಇವತ್ತಿಗೂ ನಾನು ಕೇಳಿಲ್ಲ. ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ಕೊಟ್ಟದ್ದಕ್ಕೆ ಕಲ್ಯಾಣದಲ್ಲಿ ಏನಾಯಿತು ಎಂದು ನನಗೆ ಸಣ್ಣವಳಿದ್ದಾಗ ಮಂಚದ ಮೇಲೆ ಕೂರಿಸಿಕೊಂಡು ಹೇಳಿದವನು ಅವನೇ.

ಈ ಹಾಳೆ ಯಾವಾಗಲೂ ಇಷ್ಟು ಸೌಮ್ಯವಾಗಿರಲಿಲ್ಲ ಎಂಬುದು ಆ ವಾರಗಳಲ್ಲಿ ಓದುತ್ತ ಹೋದಂತೆ ತಿಳಿಯಿತು. 1880ರಿಂದ ಕ್ಯಾಲಿಫೋರ್ನಿಯಾದ ಕಾಯ್ದೆಯ ಪ್ರಕಾರ, ಬಿಳಿಯರಿಗೂ ಕಪ್ಪುಜನರು ಅಥವಾ “ಮಂಗೋಲಿಯನ್ನರು” ಎಂದು ಕರೆಸಿಕೊಂಡವರಿಗೂ ಮದುವೆಯ ಲೈಸೆನ್ಸ್ ಕೊಡುವಂತಿರಲಿಲ್ಲ. 1933ರಲ್ಲಿ ಫಿಲಿಪೀನ್ಸಿನವರನ್ನು ತಡೆಯಲು “ಮಲಯ” ಎಂಬ ಪದವೂ ಸೇರಿತು. ಅರ್ಜಿಯಲ್ಲಿ ಬಣ್ಣದ್ದೊಂದು ಖಾನೆ ಇತ್ತು. ಕೌಂಟರಿನ ಹಿಂದೆ ಕೂತ ಗುಮಾಸ್ತ ಮುಖ ನೋಡಿ ತೀರ್ಮಾನಿಸುತ್ತಿದ್ದ.

ನಮ್ಮವರೂ ಆ ಕೌಂಟರಿನ ಮುಂದೆ ನಿಂತಿದ್ದಾರೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಪಂಜಾಬಿನಿಂದ ಬಂದು ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಗಂಡಸರಿಗೆ, 1917ರ ವಲಸೆ ಕಾಯ್ದೆಯ ನಂತರ ಊರಿನಿಂದ ಹೆಂಡತಿಯನ್ನು ಕರೆತರುವ ದಾರಿಯೇ ಮುಚ್ಚಿತು. ಅವರಲ್ಲಿ ನೂರಾರು ಜನ ಮೆಕ್ಸಿಕೋ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾದರು. ಗುಮಾಸ್ತರು ಇಬ್ಬರ ಮುಖವನ್ನೂ ನೋಡಿ, ಎರಡೂ ಖಾನೆಯಲ್ಲಿ “ಕಂದು” ಎಂದು ಬರೆದು ಲೈಸೆನ್ಸ್ ಕೊಟ್ಟದ್ದುಂಟು. ಅದೇ ಗಂಡಸು ಬಿಳಿಯಳೆಂದು ಕಾಣುವ ಹೆಣ್ಣಿನೊಂದಿಗೆ ಹೋದರೆ ಕೆಲವು ಕಡೆ ಕೊಡುತ್ತಿರಲಿಲ್ಲ. ಇನ್ನೊಂದು ಕೌಂಟಿಗೋ ಪಕ್ಕದ ರಾಜ್ಯಕ್ಕೋ ಹೋಗಿ ಮದುವೆಯಾಗಿ ಬರಬೇಕಿತ್ತು. ಪೌರತ್ವಕ್ಕೆ ಅರ್ಹನಲ್ಲದವನನ್ನು ಮದುವೆಯಾದ ಅಮೆರಿಕನ್ ಹೆಣ್ಣು 1931ರ ತನಕ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಇದನ್ನು ಓದಿದ ದಿನ ನಾನು ನನ್ನ ವೀಸಾದ ದಿನಗಳನ್ನು ಲೆಕ್ಕ ಹಾಕುವುದನ್ನು ಬಿಟ್ಟು ಆ ಹೆಂಗಸರನ್ನು ಕುರಿತೇ ಯೋಚಿಸುತ್ತಿದ್ದೆ.

ಆ ಖಾನೆಯ ಬಲ ಮುರಿದವರಲ್ಲಿ ಆಂಡ್ರಿಯಾ ಪೆರೆಜ್ ಮತ್ತು ಸಿಲ್ವೆಸ್ಟರ್ ಡೇವಿಸ್ ಮೊದಲಿಗರು. ವಿಮಾನ ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ ಮಾಡುವಾಗ ಪರಿಚಯವಾದವರು. ಲಾಸ್ ಏಂಜಲೀಸ್ ಕೌಂಟಿಯ ಅರ್ಜಿಯಲ್ಲಿ, ಮೆಕ್ಸಿಕನ್ ಮೂಲದ ಅವಳು “ಬಿಳಿ” ಎಂದೂ ಅವನು “ನೀಗ್ರೊ” ಎಂದೂ ಬರೆದರು, ಲೈಸೆನ್ಸ್ ಸಿಗಲಿಲ್ಲ. ನಮ್ಮ ಕ್ಯಾಥೊಲಿಕ್ ಚರ್ಚೇ ಬೇಡವೆನ್ನದ ಮದುವೆಯನ್ನು ಸರ್ಕಾರ ತಡೆಯುವುದು ಹೇಗೆ ಎಂದು ಕೋರ್ಟಿಗೆ ಹೋದರು. 1948ರ ಅಕ್ಟೋಬರ್ 1ರಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರು ಮತಗಳಿಂದ ಆ ಕಾಯ್ದೆಯನ್ನು ರದ್ದು ಮಾಡಿತು. ಇಡೀ ದೇಶಕ್ಕೆ ಇಂಥದೇ ತೀರ್ಪು ಬರಲು 1967 ಆಗಬೇಕಾಯಿತು.

ನಾವು ಮದುವೆಗೆ ಗೊತ್ತು ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್. ಜನ ಕೋರ್ಟ್ ಮದುವೆ ಎನ್ನುತ್ತಾರೆ, ಆದರೆ ಅಲ್ಲಿ ನ್ಯಾಯಾಧೀಶರೇ ಇರಬೇಕೆಂದಿಲ್ಲ. ಕ್ಲರ್ಕ್ ಕಚೇರಿಯವರೇ ನೇಮಿಸಿದ ವಿವಾಹ ಕಮಿಷನರ್ ಮದುವೆ ಮಾಡಿಸುತ್ತಾರೆ. ಹಳೆಯ ಕಟ್ಟಡ 1906ರ ಭೂಕಂಪದಲ್ಲಿ ಹೋಯಿತು, ಈಗಿನದು 1915ರದು. ಅದರ ಗುಮ್ಮಟ ವಾಷಿಂಗ್ಟನ್ನಿನ ಸಂಸತ್ತಿನ ಗುಮ್ಮಟಕ್ಕಿಂತ ಎತ್ತರ. ವಿಜಯಪುರದ ಗೋಳಗುಮ್ಮಟದ ಕೆಳಗೆ ನಿಂತು ಕೂಗಿ ಬೆಳೆದ ನನಗೆ, ಒಳಗೆ ಕಾಲಿಡುತ್ತಲೇ ತಲೆ ತಾನಾಗಿ ಮೇಲಕ್ಕೆ ಎದ್ದಿತು.

2004ರ ಫೆಬ್ರುವರಿ 12ರಂದು ಇದೇ ಕಟ್ಟಡದ ಕ್ಲರ್ಕ್ ಕಚೇರಿ ಒಂದೇ ಲಿಂಗದ ಜೋಡಿಗಳಿಗೂ ಲೈಸೆನ್ಸ್ ಕೊಡಲು ಶುರುಮಾಡಿತು. ಅರ್ಜಿಯಲ್ಲಿದ್ದ “ವಧು”, “ವರ” ಎಂಬ ಪದ ತೆಗೆದು “ಮೊದಲ ಅರ್ಜಿದಾರ”, “ಎರಡನೇ ಅರ್ಜಿದಾರ” ಎಂದು ಮಾಡಿದರು. ಮೊದಲು ಮದುವೆಯಾದವರು ಐವತ್ತು ವರ್ಷ ಜೊತೆಗೇ ಬಾಳಿದ್ದ ಡೆಲ್ ಮಾರ್ಟಿನ್ ಮತ್ತು ಫಿಲಿಸ್ ಲಿಯಾನ್. ಒಂದು ತಿಂಗಳಲ್ಲಿ ಸುಮಾರು 4,000 ಜೋಡಿಗಳ ಮದುವೆಯಾಯಿತು, ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಷ್ಟನ್ನೂ ಅನೂರ್ಜಿತವೆಂದಿತು. ಅಂಥ ಮದುವೆಗೆ ಕಾನೂನಿನ ಒಪ್ಪಿಗೆ ಸಿಕ್ಕ ಮೇಲೆ, ಅದೇ ಇಬ್ಬರು ಮುದುಕಿಯರು 2008ರ ಜೂನ್ 16ರಂದು ಮತ್ತೆ ಇದೇ ಕಟ್ಟಡಕ್ಕೆ ಬಂದು ಮತ್ತೊಮ್ಮೆ ಮದುವೆಯಾದರು. ಆಗಸ್ಟಿನಲ್ಲಿ ಡೆಲ್ ತೀರಿಕೊಂಡರು. ಆ ಎರಡು ತಿಂಗಳನ್ನು ಊಹಿಸಿಕೊಂಡಾಗ, ಕಾಗದದಲ್ಲೇನಿದೆ ಎಂದು ನಾನು ಅಷ್ಟು ದಿನ ಹೇಳಿಕೊಂಡು ತಿರುಗಿದ ಮಾತು ನನಗೇ ಸಣ್ಣದೆನಿಸಿತು.

ಲೈಸೆನ್ಸ್ ಪಡೆದ ದಿನ ಕೌಂಟರಿನಲ್ಲಿದ್ದ ಹೆಂಗಸು ಅರ್ಜಿಯನ್ನು ನಮ್ಮ ಕಡೆ ತಿರುಗಿಸಿ, ಒಂದೊಂದು ಅಕ್ಷರವನ್ನೂ ನೋಡಿ ಎಂದರು. ಮದುವೆಯ ನಂತರದ ಹೆಸರಿನ ಖಾನೆಯಲ್ಲಿ ಬೆರಳಿಟ್ಟು, ಇಲ್ಲಿ ಬರೆದದ್ದನ್ನು ಮದುವೆಯಾದ ಮೇಲೆ ಮನಸ್ಸು ಬದಲಾಯಿತೆಂದು ತಿದ್ದಿಸಲು ಬರುವುದಿಲ್ಲ, ಕೋರ್ಟಿಗೇ ಹೋಗಬೇಕಾಗುತ್ತದೆ ಎಂದು ಎಚ್ಚರಿಸಿದರು. 2009ರಿಂದ ಇಲ್ಲಿ ಗಂಡನೂ ಹೆಂಡತಿಯ ಅಡ್ಡಹೆಸರು ತೆಗೆದುಕೊಳ್ಳಬಹುದು, ಎರಡನ್ನೂ ಜೋಡಿಸಬಹುದು. ಹಾಸನದವರಿಗೆ ನಮ್ಮ ಹಾಗೆ ಅಡ್ಡಹೆಸರು ಇಲ್ಲ. ಅವನ ಪಾಸ್‌ಪೋರ್ಟಿನ ಕೊನೆಯ ಹೆಸರು ಅವನ ತಂದೆಯದೇ ಹೆಸರು. ಅದನ್ನು ತೆಗೆದುಕೊಂಡರೆ ನಾನು ಮಾವನ ಹೆಸರಿನಿಂದ ಕರೆಸಿಕೊಳ್ಳಬೇಕಿತ್ತು. “ನಿನ್ನದು ನಿನಗಿರಲಿ,” ಎಂದು ಅವನು ಮನೆಯಲ್ಲೇ ಹೇಳಿದ್ದ. ಇಬ್ಬರೂ ಆ ಖಾನೆಯಲ್ಲಿ ಇದ್ದ ಹೆಸರನ್ನೇ ಇಟ್ಟುಕೊಂಡೆವು. ಆಮೇಲೆ ಬಲಗೈ ಎತ್ತಿ ಪ್ರಮಾಣ ಮಾಡಿದೆವು. ಅವ್ವನ ಹುಟ್ಟುಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ನನ್ನ ಹೆಸರಿನ ಕೆಳಗೆ, ಅಚ್ಚಾಗಿ ಬಂದಿತ್ತು. ಉರ್ಫ್ ಇರಲಿಲ್ಲ.

ಮದುವೆ ಫೆಬ್ರುವರಿಯ ಒಂದು ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ಗದಗದಲ್ಲಿ ಬೆಳಗಿನ ನಾಲ್ಕೂವರೆ, ಮುಹೂರ್ತಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ. ಅವ್ವ ತಲೆಗೆ ಎರೆದುಕೊಂಡು ಇಳಕಲ್ ಸೀರೆ ಉಟ್ಟು ಕೂತಿದ್ದಳು, ಅಪ್ಪ ರುಮಾಲು ಸುತ್ತಿದ್ದ. ದೊಡ್ಡ ಮೆಟ್ಟಿಲುಗಳ ಮೇಲೆ, ಗುಮ್ಮಟದ ಕೆಳಗಿನ ರೊಟಂಡಾ ಎಂಬ ದುಂಡು ಹಜಾರದಲ್ಲಿ, ಸಲಿಂಗಿಗಳ ಹಕ್ಕಿಗಾಗಿ ಹೋರಾಡಿದ ಹಾರ್ವಿ ಮಿಲ್ಕ್ ಅವರ ಪ್ರತಿಮೆಯ ಸಮೀಪ ನಿಂತೆವು. ಸಾಕ್ಷಿಗೆ ಹುಬ್ಬಳ್ಳಿಯ ಗೆಳತಿ, ಫೋನು ಹಿಡಿಯಲು ಅವಳ ಗಂಡ. ಕಪ್ಪು ನಿಲುವಂಗಿಯ ಕಮಿಷನರ್ ಕೇಳಿದರು, ನಾವು ಹೌದೆಂದೆವು. ಐದು ನಿಮಿಷವೂ ಆಗಿರಲಿಲ್ಲ. ಕಟ್ಟಡದ ಒಳಗೆ ಅಕ್ಕಿ ಎರಚುವಂತಿಲ್ಲ, ಅದಕ್ಕೆ ಗೆಳತಿ ಅಕ್ಕಿಕಾಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಹಿಡಿದು ನಿಂತಿದ್ದಳು, ಹೊರಗಿನ ಮೆಟ್ಟಿಲ ಮೇಲೆ ಬಿಚ್ಚಿದಳು. ಫೋನಿನಲ್ಲಿ ಒಮ್ಮೆಗೇ ಎಲ್ಲ ಹಳದಿಯಾಯಿತು. ಅವ್ವ ತನ್ನ ಕಡೆಯ ಪರದೆಯ ಮೇಲೆ ಅಕ್ಕಿಕಾಳು ಹಾಕಿದ್ದಳು.

ದೃಢೀಕೃತ ಪ್ರತಿ ಬಂದ ದಿನ ಅದರ ಫೋಟೋ ತೆಗೆದು ಮನೆಗೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಅವ್ವನ ದನಿ ಬಂತು. ಶುಭಾಶಯದ ಮಾತಲ್ಲ.

“ನನ್ನ ಹೆಸರು ತಪ್ಪೈತಿ. ಕಡೀ ಅಕ್ಷರಕ್ಕ ‘ಎಚ್’ ಹಾಕಿಲ್ಲ ನೀ.”

ಹಿಂದೆಯೇ ಒಂದು ಫೋಟೋ. ಟ್ರಂಕಿನ ತಳದಿಂದ ತೆಗೆದ ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮಡಿಕೆಗಳಲ್ಲಿ ಹರಿದು ಅಂಟಿಸಿದ್ದು. ಹೊಳೆಯ ಹೆಸರು ಅಲ್ಲಿ ಮಹಾಪ್ರಾಣದೊಂದಿಗೆ ಪೂರ್ತಿಯಾಗಿತ್ತು. ಆ ರಾತ್ರಿ ನಾನು ಕೇಳಿ ಬರೆದುಕೊಂಡದ್ದು ಕಿವಿಗೆ ಬಿದ್ದ ಹಾಗೆ. ಕೌಂಟರಿನಲ್ಲಿ ಒಂದೊಂದು ಅಕ್ಷರ ನೋಡಿ ಎಂದಾಗ ನಾನು ನೋಡಿದ್ದು ನನ್ನ ಹೆಸರನ್ನು ಮಾತ್ರ.

ಇರಲಿ ಬಿಡವ್ವಾ, ವೀಸಾಕ್ಕೆ ಅದು ಅಡ್ಡಿಯಾಗುವುದಿಲ್ಲ ಎಂದೆ. “ವೀಸಾಕ್ಕಲ್ಲ,” ಎಂದಳು. “ತಿದ್ದಿಸು.”

ಬರವಣಿಗೆಯ ತಪ್ಪುಗಳಿಗೆ ಇಲ್ಲಿ ತಿದ್ದುಪಡಿಯ ಅಫಿಡವಿಟ್ ಎಂದು ಬೇರೆ ನಮೂನೆಯಿದೆ. ಅದನ್ನು ತುಂಬಿ, ಸಹಿ ಹಾಕಿ, ರಾಜ್ಯದ ದಾಖಲೆಗಳ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ. ಹಾಗೆ ತಿದ್ದಿದಾಗ ಮೂಲ ಹಾಳೆಯನ್ನು ಮುಟ್ಟುವುದಿಲ್ಲ, ಅದು ಇದ್ದ ಹಾಗೇ ಇರುತ್ತದೆ. ತಿದ್ದುಪಡಿ ಎರಡನೇ ಹಾಳೆಯಾಗಿ ಸೇರಿಕೊಳ್ಳುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅದು ಬಂತು. ಅಷ್ಟರಲ್ಲಿ ಅವನಿಗೆ ಕೆಲಸವೂ ಸಿಕ್ಕಿತ್ತು.

ಡಿಸೆಂಬರಿನಲ್ಲಿ ಗದಗಕ್ಕೆ ಹೋದಾಗ ಎರಡೂ ಹಾಳೆ ಒಯ್ದಿದ್ದೆ. ಅಪ್ಪ ಮೊದಲನೆಯದನ್ನು ಕನ್ನಡಕ ಹಾಕಿಕೊಂಡು, ಬೇರೆಯವರು ಬರೆದ ಯಾದಿಯನ್ನು ನೋಡುವ ಹಾಗೆ ಮೇಲಿನಿಂದ ಕೆಳಗೆ ಓದಿದ. ಅವ್ವ ಎರಡನೆಯದನ್ನು ಇಸಿದುಕೊಂಡು ಅಂಕಪಟ್ಟಿಯ ಪಕ್ಕ ಇಟ್ಟು, ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ನೋಡಿದಳು. ಆಮೇಲೆ ಅಡಿಗೆಮನೆಯಿಂದ ಅರಿಸಿನ ತಂದು ನಾಲ್ಕೂ ಮೂಲೆಗೆ ಹಚ್ಚಿದಳು.